ಎನ್‌ಜಿಸಿ 253ರ ನಡುವಿನ ಪಟ್ಟಿ ನನ್ನ ಚಿತ್ರದಲ್ಲಿ ಯಾಕೆ ಕಾಣಿಸುತ್ತಿಲ್ಲ?

ಚಳ್ಳಕೆರೆ ಆಕಾಶ:

ಎಲ್ಲರಿಗೂ ನಮಸ್ಕಾರ. ಕಾರ್ತೀಕ ಅಮಾವಾಸ್ಯೆಯ ಆಚೀಚೆ ಎರಡು ರಾತ್ರಿ ಅತ್ತೆ ಮನೆಯ ಹೊಲದಲ್ಲಿ ಕೂತು ಎನ್‌ಜಿಸಿ 253 ಚಿತ್ರ ತೆಗೆದೆ. ಸ್ಕಲ್ಪ್ಟರ್ ಗ್ಯಾಲಕ್ಸಿ ಅಂತಾರಲ್ಲ, ಅದೇ. ಶೇಂಗಾ ಕಿತ್ತು ಹೊಲ ಖಾಲಿ ಆಗಿತ್ತು, ಸುತ್ತ ಒಂದು ದೀಪವೂ ಇರಲಿಲ್ಲ. ಆರು ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್, ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಒಂದೊಂದು ನಿಮಿಷದ 180 ಫ್ರೇಮ್. ಒಟ್ಟು ಮೂರು ಗಂಟೆ. ರಾತ್ರಿ ಎಂಟೂವರೆ ಸುಮಾರಿಗೆ ದಕ್ಷಿಣದಲ್ಲಿ 50 ಡಿಗ್ರಿ ಎತ್ತರಕ್ಕೆ ಬರುತ್ತದೆ, ಹಾಗಾಗಿ ನಮ್ಮ ಕಡೆಯವರಿಗೆ ಇದು ಒಳ್ಳೆ ಗುರಿ.

ಸ್ಟ್ಯಾಕ್ ಮಾಡಿದ ಮೇಲೆ, ಅಂದರೆ ಎಲ್ಲಾ ಫ್ರೇಮ್ ಒಂದರ ಮೇಲೊಂದು ಕೂಡಿಸಿದ ಮೇಲೆ, ಚಿತ್ರ ನೋಡಿ ತುಂಬಾ ಖುಷಿ ಆಯ್ತು. ಉದ್ದನೆಯ ಬಾಳೆಲೆ ಹಾಗೆ ಗ್ಯಾಲಕ್ಸಿ, ಮೈ ತುಂಬಾ ಧೂಳಿನ ಕಪ್ಪು ಗೆರೆಗಳು. ಆದರೆ ಎರಡು ವಿಷಯ ತಲೆ ತಿನ್ನುತ್ತಿವೆ. ಒಂದು, ಇಡೀ ಆಕಾಶದ ಚಿತ್ರ ತೆಗೆದ ಟೂಮಾಸ್ ಸರ್ವೆಯ ಚಿತ್ರದಲ್ಲಿ ಇದೇ ಗ್ಯಾಲಕ್ಸಿಯ ನಡುವೆ ಅಡ್ಡಲಾಗಿ ಒಂದು ಪಟ್ಟಿ ಸ್ಪಷ್ಟವಾಗಿದೆ, ಬಾರ್ ಅಂತಾರಂತೆ. ನನ್ನದರಲ್ಲಿ ಅದರ ಸುಳಿವೇ ಇಲ್ಲ. ಕಂಪ್ಯೂಟರಿನಲ್ಲಿ ಮಂದ ಬೆಳಕನ್ನು ಎಷ್ಟು ಎಳೆದು ಹೆಚ್ಚಿಸಿದರೂ ಬರಲಿಲ್ಲ. ಎರಡು, ಬೇರೆಯವರ ಚಿತ್ರದಲ್ಲಿ ಗ್ಯಾಲಕ್ಸಿಯ ಸುತ್ತ ಮಂಜಿನ ಹಾಗೆ ತೆಳು ಬೆಳಕು ಇರುತ್ತದೆ. ನನ್ನದು ಅಂಚಿಗೆ ಬಂದ ಕೂಡಲೇ ಕತ್ತರಿ ಹಾಕಿದ ಹಾಗೆ ಕಪ್ಪು. ಇನ್ನೂ ಎರಡು ರಾತ್ರಿ ತೆಗೆದರೆ ಸರಿ ಹೋಗುತ್ತಾ, ಅಥವಾ ನಾನೇ ಎಲ್ಲೋ ತಪ್ಪು ಮಾಡಿದ್ದೀನಾ?

ಮೈಸೂರು ಮೇಷ್ಟ್ರು:

ಮೊದಲ ಪ್ರಶ್ನೆಗೆ ಉತ್ತರ ಧೂಳು. ನೀವು ತೆಗೆದದ್ದು ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಟೂಮಾಸ್ ನೋಡಿದ್ದು ಅವಗೆಂಪಿನಲ್ಲಿ, ಅಂದರೆ ಇನ್‌ಫ್ರಾರೆಡ್. ನಮ್ಮ ಮಣ್ಣಿನ ರಸ್ತೆಯಲ್ಲಿ ಲಾರಿ ಹೋದ ಮೇಲೆ ಧೂಳಿನೊಳಗೂ ಅದರ ಹಿಂದಿನ ಕೆಂಪು ದೀಪ ಕಾಣುತ್ತದಲ್ಲ, ಹಾಗೆ. ನೀಲಿ ಬೆಳಕು ಧೂಳಿಗೆ ಸಿಕ್ಕಿ ಚದುರುತ್ತದೆ, ಕೆಂಪು ಸ್ವಲ್ಪ ದಾಟುತ್ತದೆ, ಅವಗೆಂಪು ಇನ್ನೂ ಸಲೀಸಾಗಿ ದಾಟುತ್ತದೆ. ಜೊತೆಗೆ ಈ ಗ್ಯಾಲಕ್ಸಿ ನಮಗೆ ಹೆಚ್ಚುಕಡಿಮೆ ಪಕ್ಕ ತಿರುಗಿಸಿ ನಿಂತಿದೆ. ಬೆಳಕು ಅಷ್ಟು ದಪ್ಪ ಧೂಳನ್ನು ಹಾದು ಬರಬೇಕು. ನಿಮ್ಮ ಚಿತ್ರದ ತಪ್ಪೇನಿಲ್ಲ, ಅದು ಇರೋದೇ ಹಾಗೆ.

ಅಂದ ಹಾಗೆ, ಈ ಗ್ಯಾಲಕ್ಸಿಯನ್ನು ಮೊದಲು ಕಂಡವರು ಕ್ಯಾರೊಲಿನ್ ಹರ್ಷೆಲ್, 1783ರ ಸೆಪ್ಟೆಂಬರ್ 23ರಂದು. ಇಂಗ್ಲೆಂಡಿನಿಂದ ನೋಡಿದರೆ ಅದು ದಿಗಂತಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ. ಅಲ್ಲಿಂದ ಹಿಡಿದರಲ್ಲ ಆ ತಾಯಿ, ನೆನೆಸಿಕೊಂಡರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ರೈನ್ ದಡದ ಕನ್ನಡತಿ:

ನಾನು ಜರ್ಮನಿಯಲ್ಲಿ ಹತ್ತಿರದ ಗ್ಯಾಲಕ್ಸಿಗಳ ಚಿತ್ರಗಳ ಮೇಲೆ ಕೆಲಸ ಮಾಡುತ್ತೀನಿ, ದಿನವಿಡೀ ಇದೇ. ನಮ್ಮೂರಿಂದ ಎನ್‌ಜಿಸಿ 253 ಹದಿನೈದು ಡಿಗ್ರಿ ಮೇಲೆ ಏರುವುದಿಲ್ಲ, ಹಾಗಾಗಿ ಚಳ್ಳಕೆರೆಯ 50 ಡಿಗ್ರಿ ಕೇಳಿ ಹೊಟ್ಟೆಕಿಚ್ಚು ಪಟ್ಟೆ.

ಮೇಷ್ಟ್ರು ಹೇಳಿದ್ದು ಸರಿ, ಒಂದು ತಿದ್ದುಪಡಿ ಮಾತ್ರ. ರಸ್ತೆ ಧೂಳಿನ ಕಣ ತುಂಬಾ ದಪ್ಪ. ಅದು ಎಲ್ಲಾ ಬಣ್ಣವನ್ನೂ ಒಂದೇ ತರ ತಡೆಯುತ್ತದೆ. ಗ್ಯಾಲಕ್ಸಿಯ ಧೂಳು ಸೌದೆ ಒಲೆಯ ಹೊಗೆಯ ಕಣದಷ್ಟು ಸಣ್ಣದು. ಹೊಗೆಯ ಹಿಂದಿನ ಸೂರ್ಯ ಕೆಂಪಗೆ ಕಾಣುವುದು ಅದಕ್ಕೇ. ಟೂಮಾಸ್‌ನ ಕೆ ಬ್ಯಾಂಡ್, ಅಂದರೆ ಬೆಳಕಿನ ಅಲೆಯುದ್ದ 2.2 ಮೈಕ್ರಾನ್ ಹತ್ತಿರ, ಧೂಳಿನ ತಡೆ ಕಣ್ಣಿನ ಬೆಳಕಿನಲ್ಲಿ ಇರುವುದರ ಹತ್ತನೇ ಒಂದು ಭಾಗದಷ್ಟು ಮಾತ್ರ.

ಆದರೆ ಧೂಳು ಅರ್ಧ ಕಥೆ ಅಷ್ಟೇ. ಇನ್ನರ್ಧ, ಬೆಳಕು ಯಾರದ್ದು ಅನ್ನೋದು. ಕಣ್ಣಿನ ಬೆಳಕಿನಲ್ಲಿ, ಅದರಲ್ಲೂ ನೀಲಿಯಲ್ಲಿ, ಈಚೆಗೆ ಹುಟ್ಟಿದ ದೊಡ್ಡ ನಕ್ಷತ್ರಗಳೇ ಎದ್ದು ಕಾಣುತ್ತವೆ. ಅವು ಎಣಿಕೆಯಲ್ಲಿ ಕಡಿಮೆ, ತೂಕದಲ್ಲೂ ಕಡಿಮೆ, ಬೆಳಕು ಮಾತ್ರ ವಿಪರೀತ. ಜಾತ್ರೆಯಲ್ಲಿ ಮೈಕ್ ಹಿಡಿದ ನಾಲ್ಕು ಜನರ ದನಿಯೇ ಊರೆಲ್ಲಾ ಕೇಳಿಸುತ್ತದಲ್ಲ, ಹಾಗೆ. ಇನ್‌ಫ್ರಾರೆಡ್‌ಗೆ ಹೋದರೆ ವಯಸ್ಸಾದ ಕೆಂಪು ನಕ್ಷತ್ರಗಳು ಮುಂದೆ ಬರುತ್ತವೆ. ಗ್ಯಾಲಕ್ಸಿಯ ನಕ್ಷತ್ರಗಳ ತೂಕದ ಬಹುಪಾಲು ಇರುವುದು ಹಳೇ ನಕ್ಷತ್ರಗಳಲ್ಲೇ. ಎಲ್ಲಿ ತೂಕ ಇದೆಯೋ ಅಲ್ಲೇ ನಿಜವಾದ ಆಕಾರ ಇದೆ. ಬಾರ್ ಕಾಣಿಸುವುದು ಅದಕ್ಕೇ.

ಇನ್ನೊಂದು ಸ್ವಾರಸ್ಯ. ಹಳೇ ಪಟ್ಟಿಗಳಲ್ಲಿ ಎನ್‌ಜಿಸಿ 253ನ್ನು ಎಸ್‌ಎಬಿ ಅಂತ ಬರೆದಿದ್ದಾರೆ. ಎ ಅಂದರೆ ಬಾರ್ ಇಲ್ಲ, ಬಿ ಅಂದರೆ ಇದೆ, ಎಬಿ ಅಂದರೆ ಎರಡರ ನಡುವೆ. ಕಣ್ಣಿನ ಬೆಳಕಿನ ಫೋಟೋ ಪ್ಲೇಟು ನೋಡಿ ಅಷ್ಟು ಹೇಳುವುದೇ ದೊಡ್ಡದು. ಅವರಿಗೂ ನಿಮ್ಮ ಹಾಗೇ ಅನುಮಾನ ಬಂದಿತ್ತು ಅಂತ ಇಟ್ಟುಕೊಳ್ಳಿ.

ಚಳ್ಳಕೆರೆ ಆಕಾಶ:

ಅಬ್ಬಾ, ಧನ್ಯವಾದ ಮೇಡಂ. ಹಾಗಾದರೆ ಟೂಮಾಸ್ ಅಷ್ಟು ದೊಡ್ಡ ಟೆಲಿಸ್ಕೋಪಾ? ಎಷ್ಟು ಹೊತ್ತು ನೋಡಿರಬಹುದು?

ರೈನ್ ದಡದ ಕನ್ನಡತಿ:

ಇಲ್ಲ! ಕೇಳಿದರೆ ಆಶ್ಚರ್ಯ ಪಡುತ್ತೀರಿ. 1.3 ಮೀಟರಿನ ಎರಡು ಟೆಲಿಸ್ಕೋಪ್, ಒಂದು ಅರಿಜೋನಾದಲ್ಲಿ, ಒಂದು ಚಿಲಿಯಲ್ಲಿ. 1997ರಿಂದ 2001ರವರೆಗೆ ಇಡೀ ಆಕಾಶ ಗುಡಿಸಿದರು. ಆಕಾಶದ ಒಂದೊಂದು ಜಾಗಕ್ಕೆ ಸಿಕ್ಕಿದ್ದು ಬರೀ 7.8 ಸೆಕೆಂಡು. ನಿಮ್ಮ ಮೂರು ಗಂಟೆಗೆ ಕಾಣದ ಬಾರ್ ಅವರಿಗೆ ಎಂಟು ಸೆಕೆಂಡಿಗೆ ಕಂಡಿತು. ಹೊತ್ತು ಹೆಚ್ಚಿಸಿದರೆ ಎಲ್ಲವೂ ಕಾಣುತ್ತದೆ ಅನ್ನೋದು ತಪ್ಪು, ಯಾವ ಬೆಳಕಿನಲ್ಲಿ ನೋಡುತ್ತೀರಿ ಅನ್ನೋದೂ ಅಷ್ಟೇ ಮುಖ್ಯ.

ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಗ್ಯಾಲಕ್ಸಿಯ ಹೊರಗಿನ ತೆಳು ಭಾಗ ಸಿಗುವುದಿಲ್ಲ. ನೆಲದ ಮೇಲಿನ ಇನ್‌ಫ್ರಾರೆಡ್‌ಗೆ ದೊಡ್ಡ ಕಾಟ ನಮ್ಮದೇ ಗಾಳಿ. ಅದು ರಾತ್ರಿಯಿಡೀ ತಾನೇ ಹೊಳೆಯುತ್ತಿರುತ್ತದೆ. ಹಾಗಾಗಿ ಸ್ಪಿಟ್ಜರ್ ಬೇಕಾಯಿತು.

ಸ್ಪಿಟ್ಜರ್ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆದರೂ ಹೇಳುತ್ತೀನಿ. 85 ಸೆಂಟಿಮೀಟರ್ ಕನ್ನಡಿಯ ಬಾಹ್ಯಾಕಾಶ ಟೆಲಿಸ್ಕೋಪ್, 2003ರ ಆಗಸ್ಟಿನಲ್ಲಿ ಹೋಯಿತು. ತಣ್ಣಗಿಡಲು ದ್ರವ ಹೀಲಿಯಂ ತುಂಬಿ ಕಳಿಸಿದ್ದರು. 2009ರ ಮೇ ತಿಂಗಳಲ್ಲಿ ಹೀಲಿಯಂ ಮುಗಿಯಿತು. ಉದ್ದ ಅಲೆಯ ಸಾಧನಗಳೆಲ್ಲ ನಿಂತವು. ಉಳಿದದ್ದು ಎರಡೇ ಕಿಟಕಿ, 3.6 ಮತ್ತು 4.5 ಮೈಕ್ರಾನ್. ಹಳೇ ನಕ್ಷತ್ರಗಳನ್ನು ನೋಡಲು ಅವೆರಡೇ ಬೇಕಾದದ್ದು! ಕಾರ್ತಿಕ್ ಶೇಠ್ ಅವರ ಮುಂದಾಳತ್ವದ ತಂಡ ಆ ಉಳಿದ ಕಾಲವನ್ನು ಬಳಸಿಕೊಂಡಿತು. ಸರ್ವೆಯ ಹೆಸರು ಎಸ್‌ಫೋರ್‌ಜಿ. ಸುಮಾರು 13 ಕೋಟಿ ಜ್ಯೋತಿರ್ವರ್ಷದೊಳಗಿನ 2300ಕ್ಕೂ ಹೆಚ್ಚು ಗ್ಯಾಲಕ್ಸಿಗಳು, ಒಂದೊಂದು ಜಾಗಕ್ಕೂ ನಾಲ್ಕು ನಿಮಿಷ. ಅದು ಮುಟ್ಟಿದ ಆಳ ಕೇಳಿ: ಮೂರೂ ಚಿಲ್ಲರೆ ಜ್ಯೋತಿರ್ವರ್ಷ ಉದ್ದ, ಅಷ್ಟೇ ಅಗಲದ ಜಾಗದಲ್ಲಿ ಒಬ್ಬ ಸೂರ್ಯನಷ್ಟು ತೂಕದ ನಕ್ಷತ್ರ ಇದ್ದರೂ ಆ ತೆಳು ಬೆಳಕು ದಾಖಲಾಗುತ್ತದೆ.

ತುಮಕೂರು ರವೆ ಇಡ್ಲಿ:

ನಾನು ಸುಮ್ನೆ ಓದುವವನು, ಟೆಲಿಸ್ಕೋಪ್ ಇಲ್ಲ. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಒಂದೆರಡು ಗ್ಯಾಲಕ್ಸಿ ಚೆನ್ನಾಗಿ ನೋಡಿದರೆ ಸಾಲದಾ? ಎರಡು ಸಾವಿರ ಯಾಕೆ? ಬಾರ್ ಇದ್ದರೆ ಏನು, ಇಲ್ಲದಿದ್ದರೆ ಏನು?

ಮೈಸೂರು ಮೇಷ್ಟ್ರು:

ಒಳ್ಳೆ ಪ್ರಶ್ನೆ. ನಾನು ಶಾಲೆಯಲ್ಲಿ ಹೇಳುವುದು ಹೀಗೆ. ಒಬ್ಬ ಹುಡುಗನ ಎತ್ತರ ಅಳೆದರೆ ಆ ಹುಡುಗನ ಬಗ್ಗೆ ಗೊತ್ತಾಗುತ್ತದೆ. ಊರಿನ ಮಕ್ಕಳೆಲ್ಲರ ಎತ್ತರ ಅಳೆದರೆ ಊರಲ್ಲಿ ಊಟ ಹೇಗಿದೆ ಅಂತ ಗೊತ್ತಾಗುತ್ತದೆ. ಗ್ಯಾಲಕ್ಸಿ ಬೆಳೆಯುವುದನ್ನು ಯಾರೂ ಕೂತು ನೋಡಲಾಗುವುದಿಲ್ಲ, ಕೋಟ್ಯಂತರ ವರ್ಷ ಬೇಕು. ಬೇರೆ ಬೇರೆ ಹಂತದಲ್ಲಿರುವ ಸಾವಿರಾರು ಗ್ಯಾಲಕ್ಸಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಬೇರೆ ದಾರಿ ಇಲ್ಲ.

ರೈನ್ ದಡದ ಕನ್ನಡತಿ:

ಬಾರ್ ಸುಮ್ಮನೆ ಇರುವ ಅಲಂಕಾರ ಅಲ್ಲ. ಅದು ತಿರುಗುತ್ತಾ ಗ್ಯಾಲಕ್ಸಿಯ ಅನಿಲವನ್ನು ಎಳೆದು ನಡುವಿಗೆ ಇಳಿಸುತ್ತದೆ. ಎನ್‌ಜಿಸಿ 253ರ ನಡುವೆ ನಕ್ಷತ್ರಗಳು ಭರಾಟೆಯಿಂದ ಹುಟ್ಟುತ್ತಿವೆ, ಎಷ್ಟೆಂದರೆ ಅಲ್ಲಿಂದ ಅನಿಲ ಹೊರಕ್ಕೆ ಚಿಮ್ಮುತ್ತಿದೆ. ಚಿಲಿಯ ಆಲ್ಮಾ ರೇಡಿಯೋ ಟೆಲಿಸ್ಕೋಪ್ ಆ ಚಿಮ್ಮುವಿಕೆಯನ್ನು ಹಿಡಿದದ್ದು 2013ರಲ್ಲಿ ಪ್ರಕಟವಾಯಿತು. ಆ ಒಲೆಗೆ ಸೌದೆ ಸಾಗಿಸುವ ದಾರಿ ಈ ಬಾರ್. ಇನ್‌ಫ್ರಾರೆಡ್‌ನಲ್ಲಿ ಎಣಿಸಿದರೆ ಹತ್ತಿರದ ತಟ್ಟೆ ಆಕಾರದ ಗ್ಯಾಲಕ್ಸಿಗಳಲ್ಲಿ ಮೂರರಲ್ಲಿ ಎರಡಕ್ಕೆ ಬಾರ್ ಇದೆ. ನಮ್ಮ ಹಾಲುಹಾದಿಗೂ ಇದೆ.

ಸರ್ವೆಯಲ್ಲೂ ಓರೆಕೋರೆ ಇರುತ್ತದೆ, ಅದನ್ನೂ ಹೇಳಬೇಕು. ಎಸ್‌ಫೋರ್‌ಜಿಗೆ ಗ್ಯಾಲಕ್ಸಿ ಆರಿಸುವಾಗ ದೂರ ಲೆಕ್ಕ ಹಾಕಲು ಹೈಡ್ರೋಜನ್ ಅನಿಲದ ರೇಡಿಯೋ ಅಳತೆ ಬಳಸಿದರು. ಅನಿಲ ಕಡಿಮೆ ಇರುವ ಮುದಿ ಗ್ಯಾಲಕ್ಸಿಗಳು, ಅಂಡಾಕಾರದವು, ಲೆಕ್ಕದಿಂದ ಬಿಟ್ಟುಹೋದವು. ಆಮೇಲೆ ಅವುಗಳನ್ನು ಪ್ರತ್ಯೇಕವಾಗಿ ನೋಡಿ ಸೇರಿಸಬೇಕಾಯಿತು. ಜೊತೆಗೆ 3.6 ಮೈಕ್ರಾನಿನ ಬೆಳಕೆಲ್ಲ ಹಳೇ ನಕ್ಷತ್ರದ್ದೇ ಅಲ್ಲ. ಬಿಸಿಯಾದ ಧೂಳೂ ಅಲ್ಲಿ ಹೊಳೆಯುತ್ತದೆ. ಎರಡು ಕಿಟಕಿಯ ಚಿತ್ರಗಳನ್ನು ಹೋಲಿಸಿ ಅದನ್ನು ಬೇರ್ಪಡಿಸಲು ಒಂದು ಇಡೀ ಹಂತವೇ ಇದೆ.

ಹೊಸಕೋಟೆ ಕಿಟಕಿ:

ನಮ್ಮೂರ ಹೆಸರು ಇಲ್ಲಿ ಬರಲೇಬೇಕು ಅಂತ ಬರೆಯುತ್ತಿದ್ದೇನೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಇಲ್ಲಿ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ಅಲ್ಲಿ ಕೊರೆಯುವ ಚಳಿ, ಇಲ್ಲಿ ಕಂಪ್ಯೂಟರ್ ಮುಂದೆ ಕೂತು ಗ್ಯಾಲಕ್ಸಿ ನೋಡುತ್ತಾರೆ.

ಇನ್‌ಫ್ರಾರೆಡ್ ಬಗ್ಗೆ ಇಷ್ಟು ಮಾತಾಯಿತು, ಅತಿನೇರಳೆ ಬಿಡಬೇಡಿ. 2015ರ ಸೆಪ್ಟೆಂಬರ್ 28ರಂದು ಹೋದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ಟೆಲಿಸ್ಕೋಪ್ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಆದದ್ದು. 37.5 ಸೆಂಟಿಮೀಟರಿನ ಜೋಡಿ ಟೆಲಿಸ್ಕೋಪ್. ಅದರ ಚಿತ್ರದಲ್ಲಿ ಗ್ಯಾಲಕ್ಸಿ ಬೇರೆಯೇ ಪ್ರಾಣಿ. ಹಳೇ ನಕ್ಷತ್ರಗಳೆಲ್ಲ ಮಾಯ, ಈಚೆಗೆ ಹುಟ್ಟಿದವು ಮಾತ್ರ ಮಣಿ ಪೋಣಿಸಿದ ಹಾಗೆ ಸುರುಳಿಯ ಮೇಲೆ. ಅದಕ್ಕೆ ಮುಂಚೆ ಅಮೆರಿಕದ ಗ್ಯಾಲೆಕ್ಸ್ ಟೆಲಿಸ್ಕೋಪ್ ಎಂ83 ಗ್ಯಾಲಕ್ಸಿಯಲ್ಲಿ ತಟ್ಟೆ ಮುಗಿಯಿತು ಅಂದುಕೊಂಡ ಜಾಗದಾಚೆಗೂ ಎಳೆ ನಕ್ಷತ್ರಗಳನ್ನು ತೋರಿಸಿತ್ತು. ಗ್ಯಾಲಕ್ಸಿಯ ಅಂಚು ಎಲ್ಲಿ ಅಂದರೆ, ಯಾವ ಬೆಳಕಿನಲ್ಲಿ ಅಂತ ಮೊದಲು ಕೇಳಬೇಕು.

ರೈನ್ ದಡದ ಕನ್ನಡತಿ:

ಅಂಚಿನ ಮಾತು ಬಂತು, ಈಗ ಚಳ್ಳಕೆರೆಯವರ ಎರಡನೇ ಪ್ರಶ್ನೆ. ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಹಿನ್ನೆಲೆ ಹೇಗೆ ತೆಗೆದಿರಿ ಹೇಳಿ. ಗ್ರೇಡಿಯಂಟ್, ಅಂದರೆ ಆಕಾಶದ ಏರುಪೇರು ಹೊಳಪು, ತೆಗೆಯುವ ಟೂಲ್‌ನಲ್ಲಿ ಖಾಲಿ ಆಕಾಶ ಇಲ್ಲಿದೆ ಅಂತ ತೋರಿಸುವ ಚುಕ್ಕಿಗಳನ್ನು ಅದೇ ಇಟ್ಟಿತಾ, ನೀವು ಇಟ್ಟಿರಾ? ಫ್ಲಾಟ್, ಅಂದರೆ ಟೆಲಿಸ್ಕೋಪಿನದೇ ನೆರಳು ಕಲೆ ಕಳೆಯಲು ತೆಗೆಯುವ ಸಮ ಬೆಳಕಿನ ಚಿತ್ರ, ಹೇಗೆ ತೆಗೆದಿರಿ?

ಚಳ್ಳಕೆರೆ ಆಕಾಶ:

ಚುಕ್ಕಿ ಅದೇ ಇಟ್ಟಿತು ಮೇಡಂ, ಇನ್ನೂರರ ಹತ್ತಿರ. ಹಳ್ಳಿಯ ಕಡೆಯಿಂದ ಒಂದು ಮೂಲೆ ಸ್ವಲ್ಪ ಬೆಳ್ಳಗಿತ್ತು, ಅದನ್ನು ತೆಗೆಯೋಣ ಅಂತ. ಫ್ಲಾಟ್‌ಗೆ ಮಾವನ ಬಿಳಿ ಪಂಚೆ ಎರಡು ಮಡಿಕೆ ಮಾಡಿ ಟ್ಯೂಬಿನ ಬಾಯಿಗೆ ಕಟ್ಟಿ ಬೆಳಗಿನ ಆಕಾಶಕ್ಕೆ ಹಿಡಿದೆ.

ರೈನ್ ದಡದ ಕನ್ನಡತಿ:

ಸಿಕ್ಕಿತು. ಇನ್ನೂರು ಚುಕ್ಕಿಯಲ್ಲಿ ಬಹಳಷ್ಟು ಗ್ಯಾಲಕ್ಸಿಯ ತೆಳು ಬೆಳಕಿನ ಮೇಲೇ ಕೂತಿವೆ. ಟೂಲಿಗೆ ಅದು ಗ್ಯಾಲಕ್ಸಿ ಅಂತ ಗೊತ್ತಿಲ್ಲ. ಆಕಾಶದ ಹೊಳಪು ಅಂದುಕೊಂಡು ಕಳೆದುಬಿಟ್ಟಿದೆ. ನೀವು ಮೂರು ಗಂಟೆ ಕೂತು ಕೂಡಿಸಿದ ಬೆಳಕನ್ನು ಅದು ಎರಡು ಸೆಕೆಂಡಿನಲ್ಲಿ ಗುಡಿಸಿ ಹಾಕಿದೆ. ಇನ್ನೂ ಎರಡು ರಾತ್ರಿ ಕೂತರೂ ಇದೇ ಆಗುತ್ತದೆ.

ಮೂಲ ಸ್ಟ್ಯಾಕ್ ಇಟ್ಟುಕೊಂಡಿದ್ದರೆ ಹೀಗೆ ಮಾಡಿ. ಕಪ್ಪು ಬಿಳುಪು ತಿರುವಿ ನೋಡಿ, ಆಕಾಶ ಬಿಳಿ, ಗ್ಯಾಲಕ್ಸಿ ಕಪ್ಪು. ನಮ್ಮ ಕಣ್ಣಿಗೆ ಬಿಳಿಯ ಮೇಲಿನ ಬೂದು ಬಣ್ಣ ಬೇಗ ಸಿಗುತ್ತದೆ. ಗ್ಯಾಲಕ್ಸಿ ಎಲ್ಲಿಯವರೆಗೆ ಇದೆ ಅಂತ ಅನ್ನಿಸುತ್ತದೋ ಅದರ ಒಂದೂವರೆ ಪಟ್ಟು ಜಾಗ ಬಿಟ್ಟುಬಿಡಿ. ಎಸ್‌ಫೋರ್‌ಜಿಯಲ್ಲೂ ಗ್ಯಾಲಕ್ಸಿಯ ಅಳತೆಯ ಒಂದೂವರೆ ಪಟ್ಟಾದರೂ ಚಿತ್ರ ತೆಗೆದದ್ದು ಸುತ್ತಲ ಖಾಲಿ ಆಕಾಶ ಸಿಗಲಿ ಅಂತಲೇ. ಅದರಾಚೆ ಹತ್ತು ಹದಿನೈದು ಚುಕ್ಕಿ ಕೈಯಿಂದ ಇಡಿ, ಒಂದೊಂದನ್ನೂ ದೊಡ್ಡದು ಮಾಡಿ ನಕ್ಷತ್ರದ ಮೇಲೆ ಬಿದ್ದಿಲ್ಲ ಅಂತ ನೋಡಿ. ಹಿನ್ನೆಲೆಯ ಲೆಕ್ಕಕ್ಕೆ ತುಂಬಾ ಬಾಗುವ ಮೇಲ್ಮೈ ಬೇಡ, ಓರೆಯಾದ ಹಲಗೆಯಂಥ ಸರಳ ಆಕಾರ ಸಾಕು. ಮತ್ತೆ ಆ ಪಂಚೆ, ಮಡಿಕೆ ಬಿದ್ದ ಜಾಗದಲ್ಲಿ ಬೆಳಕು ಕಡಿಮೆ, ಅದು ಸುಳ್ಳು ನೆರಳಾಗಿ ಚಿತ್ರದಲ್ಲಿ ಸೇರಿರುತ್ತದೆ. ಇಸ್ತ್ರಿ ಮಾಡಿ, ಚರ್ಮ ಬಿಗಿದ ತಮಟೆಯ ಹಾಗೆ ಎಳೆದು ಕಟ್ಟಿ, ಟ್ಯೂಬನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹತ್ತಾರು ಫ್ರೇಮ್ ತೆಗೆಯಿರಿ.

ಬೆಂಗಳೂರು ಡೇಟಾ ಹುಡುಗಿ:

ಅಕ್ಕ, ಇದು ದೊಡ್ಡವರಿಗೂ ಆಗುವ ತೊಂದರೆನಾ ಅಥವಾ ನಮ್ಮಂಥವರಿಗೆ ಮಾತ್ರನಾ? ಎನ್‌ಜಿಸಿ 5907 ಗ್ಯಾಲಕ್ಸಿಯ ವಿಚಾರ ಎಲ್ಲೋ ಓದಿದ ನೆನಪು.

ರೈನ್ ದಡದ ಕನ್ನಡತಿ:

ಎಲ್ಲರಿಗೂ ಆಗುತ್ತದೆ ಪುಟ್ಟಿ. ಎನ್‌ಜಿಸಿ 5907 ಒಳ್ಳೆ ಉದಾಹರಣೆ. ಅದರ ಸುತ್ತ ಒಂದು ಸಣ್ಣ ಗ್ಯಾಲಕ್ಸಿ ಹರಿದು ಚೆಲ್ಲಿದ ನಕ್ಷತ್ರಗಳ ಎಳೆ ಇದೆ. 2008ರಲ್ಲಿ ಅರ್ಧ ಮೀಟರಿನ ಟೆಲಿಸ್ಕೋಪಿನ ಚಿತ್ರದಲ್ಲಿ ಆ ಎಳೆ ಎರಡು ಸುತ್ತು ಸುತ್ತಿದ ಹಾಗೆ ಕಂಡಿತು. ಎಲ್ಲೆಡೆ ಆ ಚಿತ್ರ ಹೆಸರಾಯಿತು. 2019ರಲ್ಲಿ ಡ್ರ್ಯಾಗನ್‌ಫ್ಲೈ ತಂಡ ನೋಡಿತು. ಡ್ರ್ಯಾಗನ್‌ಫ್ಲೈ ಅಂದರೆ ಕ್ಯಾನನ್ ಕಂಪನಿಯ 400 ಮಿಲಿಮೀಟರ್ ಕ್ಯಾಮೆರಾ ಲೆನ್ಸುಗಳನ್ನು ಗೊಂಚಲು ಕಟ್ಟಿದ ಟೆಲಿಸ್ಕೋಪ್, ತೆಳು ಬೆಳಕು ಹಿಡಿಯಲೆಂದೇ ಮಾಡಿದ್ದು. ಅದರಲ್ಲಿ ಕಂಡದ್ದು ಒಂದೇ ಬಾಗಿದ ಎಳೆ. ಎರಡನೇ ಸುತ್ತು ಸಿಗಲೇ ಇಲ್ಲ. ಇಷ್ಟು ತೆಳು ಬೆಳಕಿನಲ್ಲಿ ಹಿನ್ನೆಲೆ ಕಳೆಯುವುದು ಚಿತ್ರ ಚಂದ ಮಾಡುವ ಕೆಲಸ ಅಲ್ಲ, ಅಳತೆಯೇ ಅದು. ಅಲ್ಲಿ ಕೈ ಜಾರಿದರೆ ಇದ್ದದ್ದು ಹೋಗುತ್ತದೆ, ಇಲ್ಲದ್ದು ಬರುತ್ತದೆ.

ಹಾಗಂತ ಹವ್ಯಾಸಿಗಳ ಚಿತ್ರ ನಂಬಬಾರದು ಅಂತ ಅಲ್ಲವೇ ಅಲ್ಲ. ಇದೇ ಎನ್‌ಜಿಸಿ 253ರ ಪಕ್ಕ ಹರಿದುಹೋಗುತ್ತಿರುವ ಒಂದು ಕುಬ್ಜ ಗ್ಯಾಲಕ್ಸಿ ಇದೆ. ಮೊದಲು ಕಂಡದ್ದು ಹವ್ಯಾಸಿಯೊಬ್ಬರ 30 ಸೆಂಟಿಮೀಟರ್ ಟೆಲಿಸ್ಕೋಪಿನ ಚಿತ್ರದಲ್ಲಿ. ಆಮೇಲೆ ಹವಾಯಿಯ 8.2 ಮೀಟರಿನ ಸುಬಾರು ನೋಡಿ ನಿಜ ಅಂತ ಹೇಳಿತು. 2016ರಲ್ಲಿ ಪ್ರಕಟವಾಯಿತು. ನಿಮ್ಮ ಟೆಲಿಸ್ಕೋಪ್ ಅದರ ಅರ್ಧ ಅಷ್ಟೇ, ಹೊಲದ ಕತ್ತಲು ನಿಮ್ಮ ಕಡೆ ಇದೆ.

ತುಮಕೂರು ರವೆ ಇಡ್ಲಿ:

ಇಷ್ಟು ಹತ್ತಿರದ ಗ್ಯಾಲಕ್ಸಿಯಲ್ಲೇ ಹೊಸದು ಸಿಗುತ್ತಾ ಇನ್ನೂ! ಹತ್ತಿರ ಅಂದರೂ ಎಷ್ಟು ದೂರ?

ಹೊಸಕೋಟೆ ಕಿಟಕಿ:

ಒಂದು ಕೋಟಿ ಹತ್ತು ಲಕ್ಷ ಜ್ಯೋತಿರ್ವರ್ಷದ ಆಸುಪಾಸು. 2025ರ ಜೂನ್‌ನಲ್ಲಿ ಚಿಲಿಯ ವಿಎಲ್‌ಟಿ ಅನ್ನೋ ದೊಡ್ಡ ಟೆಲಿಸ್ಕೋಪಿನ ಮ್ಯೂಸ್ ಸಾಧನದಿಂದ ಇದರದೇ ದೊಡ್ಡ ನಕ್ಷೆ ಬಂತು. ನೂರಕ್ಕೂ ಹೆಚ್ಚು ಚಿತ್ರ, 50 ಗಂಟೆಗೂ ಹೆಚ್ಚು ಹೊತ್ತು, ಎಲ್ಲ ಹೊಲಿದಾಗ 65,000 ಜ್ಯೋತಿರ್ವರ್ಷ ಅಗಲ. ಪ್ರತಿ ಚುಕ್ಕಿಯಲ್ಲೂ ಸಾವಿರಾರು ಬಣ್ಣಗಳ ಲೆಕ್ಕ. ಸಾಯುತ್ತಿರುವ ನಕ್ಷತ್ರಗಳ ಸುತ್ತಲ ಅನಿಲದ ಚಿಪ್ಪುಗಳೇ ಸುಮಾರು 500 ಸಿಕ್ಕವು. ಅವುಗಳ ಹೊಳಪು ನೋಡಿ ಗ್ಯಾಲಕ್ಸಿಯ ದೂರವನ್ನು ಮತ್ತೆ ತಾಳೆ ನೋಡಬಹುದು.

ಮೈಸೂರು ಮೇಷ್ಟ್ರು:

ನಾನು ಎಂಟನೇ ತರಗತಿಯಲ್ಲಿ ಒಂದು ಕೆಲಸ ಮಾಡಿಸುತ್ತೇನೆ. ಸ್ಪಿಟ್ಜರ್ ಆರ್ಕೈವ್‌ನಿಂದ ಮೂವತ್ತು ಗ್ಯಾಲಕ್ಸಿ ಚಿತ್ರ ಇಳಿಸಿ ಪ್ರಿಂಟ್ ಹಾಕಿಸಿದ್ದೀನಿ, ಯಾರು ಬೇಕಾದರೂ ಇಳಿಸಬಹುದು, ದುಡ್ಡಿಲ್ಲ. ಮಕ್ಕಳು ಟ್ರೇಸಿಂಗ್ ಪೇಪರ್ ಇಟ್ಟು ಬಾರ್ ಇದ್ದರೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಆಮೇಲೆ ಅದೇ ಗ್ಯಾಲಕ್ಸಿಯ ಬಣ್ಣದ ಚಿತ್ರದ ಮೇಲೆ ಆ ಪೇಪರ್ ಇಡುತ್ತಾರೆ. ಒಂದು ಹುಡುಗಿ ಕೇಳಿದಳು, ಸಾರ್, ಬಾರ್ ಎಲ್ಲಿ ಮುಗಿಯುತ್ತೋ ಅಲ್ಲೇ ಸುರುಳಿ ಯಾಕೆ ಶುರುವಾಗುತ್ತೆ? ನಾನು ಹೇಳಿಕೊಟ್ಟಿರಲಿಲ್ಲ. ಆ ಪೇಪರನ್ನು ಇನ್ನೂ ಇಟ್ಟುಕೊಂಡಿದ್ದೀನಿ.

ಚಳ್ಳಕೆರೆ ಆಕಾಶ:

ನಾಲ್ಕು ದಿನ ಆಯ್ತು, ವರದಿ ಒಪ್ಪಿಸುತ್ತಿದ್ದೀನಿ. ಮೂಲ ಸ್ಟ್ಯಾಕ್ ಇತ್ತು. ಪಂಚೆಗೆ ಇಸ್ತ್ರಿ ಹಾಕಿದೆ. ಕ್ಯಾಮೆರಾ ಟ್ಯೂಬಿನಿಂದ ಬಿಚ್ಚಿರಲಿಲ್ಲ, ಫೋಕಸ್ ಮುಟ್ಟಿರಲಿಲ್ಲ, ಹಾಗಾಗಿ ಹೊಸ ಫ್ಲಾಟ್ ತೆಗೆದು ಎಲ್ಲಾ ಮೊದಲಿನಿಂದ ಮಾಡಿದೆ. ಈ ಸಲ 14 ಚುಕ್ಕಿ, ಎಲ್ಲಾ ಕೈಯಿಂದ, ಒಂದೊಂದನ್ನೂ ದೊಡ್ಡದು ಮಾಡಿ ನೋಡಿ ಇಟ್ಟೆ. ಕಪ್ಪು ಬಿಳುಪು ತಿರುವಿ ಎಳೆದಾಗ ಗ್ಯಾಲಕ್ಸಿಯ ಎರಡೂ ತುದಿಯಲ್ಲಿ ಬೂದು ಬಣ್ಣದ ತೆಳು ಬೆಳಕು ಬಂತು ಮೇಡಂ! ಮೊದಲ ಚಿತ್ರಕ್ಕಿಂತ ಗ್ಯಾಲಕ್ಸಿ ಎರಡೂ ಕಡೆ ಒಂದೊಂದು ಬೆರಳು ಉದ್ದ ಆಗಿದೆ. ಅದು ಅಲ್ಲೇ ಇತ್ತು, ನಾನೇ ಅಳಿಸಿದ್ದೆ.

ಬಾರ್ ನನ್ನದರಲ್ಲಿ ಕಾಣುವುದಿಲ್ಲ, ಅದು ಈಗ ಅರ್ಥ ಆಯಿತು. ಆದರೆ ಮೇಷ್ಟ್ರು ಹೇಳಿದ ಹಾಗೆ ಟೂಮಾಸ್ ಚಿತ್ರವನ್ನು ನನ್ನ ಚಿತ್ರದ ಮೇಲೆ ಕೂರಿಸಿ, ನಕ್ಷತ್ರಗಳನ್ನು ಹೊಂದಿಸಿ, ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡಿ ನೋಡಿದೆ. ಬಾರಿನ ಒಂದು ತುದಿ ಎಲ್ಲಿ ಬರುತ್ತದೋ ಅಲ್ಲಿಂದಲೇ ನನ್ನ ಚಿತ್ರದ ಸುರುಳಿ ಹೊರಳುತ್ತದೆ. ಇಷ್ಟು ದಿನ ಅದನ್ನು ಸುಮ್ನೆ ಧೂಳಿನ ತಿರುವು ಅಂದುಕೊಂಡಿದ್ದೆ.

ಮೈಸೂರು ಮೇಷ್ಟ್ರು:

ನನ್ನ ಕ್ಲಾಸಿಗೆ ಎರಡೂ ಚಿತ್ರ ಬೇಕು. ಅಳಿಸಿದ್ದೂ ಬೇಕು, ಉಳಿಸಿದ್ದೂ ಬೇಕು. ಒಂದೇ ಅಳತೆಯಲ್ಲಿರಲಿ.

ಚಳ್ಳಕೆರೆ ಆಕಾಶ:

ಎ3 ಸೈಜಿನಲ್ಲಿ ಪ್ರಿಂಟ್ ಹಾಕಿಸಿ ಶನಿವಾರ ಕಳಿಸುತ್ತೀನಿ ಮೇಷ್ಟ್ರೇ. ಟೂಮಾಸ್ ಚಿತ್ರವನ್ನೂ ಅದೇ ಅಳತೆಗೆ ತಂದು ಜೊತೆಗೆ ಇಡುತ್ತೀನಿ, ಟ್ರೇಸಿಂಗ್ ಪೇಪರ್ ಮಾತ್ರ ನಿಮ್ಮದು.